ಪಹಣಿಯ ಒಂಬತ್ತನೇ ಕಾಲಂ ಮತ್ತು ಮನೆಮಗಳು

ತೊಗರಿ ಕುಡಿ ಚಿವುಟುವುದರಿಂದ ಹಿಡಿದು ರಾಶಿ ಮಾಡುವ ತನಕ ಕಲಬುರಗಿ ಸೀಮೆಯ ಹೊಲಗಳಲ್ಲಿ ಬೆನ್ನು ಬಗ್ಗಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಚೀಲ ಬೆಂಬಲ ಬೆಲೆ ಕೇಂದ್ರ ಮುಟ್ಟಿದಾಗ ಮಾತ್ರ ಕೇಳುವುದು ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ. ಅದು ಜಮೀನಿನ ದಾಖಲೆಯಾದ ಪಹಣಿಗೆ ಜೋಡಣೆಯಾಗಿರುತ್ತದೆ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಜಮೀನಿನ ಒಡೆಯರೆಂದು ಯಾರ ಹೆಸರಿದೆಯೋ, ದುಡ್ಡೂ ಅವರದೇ ಖಾತೆಗೆ. ಪಿಎಂ ಕಿಸಾನ್‌ನ ವರ್ಷದ 6000 ರೂಪಾಯಿಯ ಕಥೆಯೂ ಇದೇ.

ಕಾನೂನಿನದೇನೂ ತಪ್ಪಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ತಂದಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಗೋಡೆಯನ್ನೂ ಕೆಡವಿತು. 2005ರಲ್ಲಿ ಅಪ್ಪ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟೆಲ್ಲ ಆದರೂ 2010-11ರ ಕೃಷಿ ಗಣತಿಯಲ್ಲಿ ದೇಶದ ನೂರು ಹಿಡುವಳಿಗಳಲ್ಲಿ ಹೆಣ್ಣುಮಕ್ಕಳವು ಸುಮಾರು 13, 2015-16ರಲ್ಲಿ ಸುಮಾರು 14. ಐದು ವರ್ಷಕ್ಕೆ ಒಂದು!

ಎಲ್ಲಿ ಸಿಕ್ಕಿಬೀಳುತ್ತದೆ? ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ಮೊದಲ ಕತ್ತರಿ ಬೀಳುವುದು ವಂಶವೃಕ್ಷದಲ್ಲೇ. ಗಂಡುಮಕ್ಕಳ ಹೆಸರಷ್ಟೇ ಬರೆಸುತ್ತಾರೆ. ಸಾಕ್ಷಿ ಹೇಳುವ ಪಂಚರೂ ಅಣ್ಣತಮ್ಮಂದಿರ ಕಡೆಯವರೇ. ನಾಡಕಚೇರಿಗೆ ಅರ್ಜಿ ಹೋಗುವ ಮುಂಚೆ ಅದನ್ನೊಮ್ಮೆ ಓದಿಸಿ ಕೇಳಿ. ಹೆಸರು ಬಿಟ್ಟುಹೋಗಿದ್ದರೆ ಮ್ಯುಟೇಶನ್ (ಖಾತೆ ಬದಲಾವಣೆ) ನೋಟಿಸಿನ ಗಡುವಿನೊಳಗೆ ತಹಸೀಲ್ದಾರರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ತಕರಾರು ಫೈಲಿಗೆ ಏರುವುದಿಲ್ಲ. ತೀರ್ಪು ಒಪ್ಪಿಗೆಯಾಗದಿದ್ದರೆ ಸಹಾಯಕ ಆಯುಕ್ತರಿಗೆ ಮೇಲ್ಮನವಿ.

ಎರಡನೆಯದು ಹಕ್ಕು ಬಿಡುಗಡೆ ಪತ್ರ. ಪಂಚಮಿಗೆ ತವರಿಗೆ ಬಂದವಳ ತಟ್ಟೆಗೆ ಉಂಡಿ ಬೀಳುತ್ತದೆ, ಹಿಂದೆಯೇ ಕಾಗದ. "ಅಕ್ಕಾ, ಇಲ್ಲೊಂದು ಸಹಿ ಹಾಕು, ಬರೇ ಕಾಗದದ ಕೆಲಸ ಅದ." ಒಲ್ಲೆ ಎಂದರೆ ಮುಂದಿನ ಪಂಚಮಿಗೆ ಕರೆಯಲು ಯಾರೂ ಬರಲಿಕ್ಕಿಲ್ಲ ಎಂಬ ಅಂಜಿಕೆ ಅವಳಿಗೆ. ಈ ಅಂಜಿಕೆಗೆ ಯಾವ ಕಲಮೂ ಇಲ್ಲ, ನಿಜ. ಆದರೆ ಇದು ಗೊತ್ತಿರಲಿ: ಬಾಂಡ್ ಪೇಪರ್ ಮೇಲೆ ಬರೆಸಿಕೊಂಡ ಮಾತ್ರಕ್ಕೆ ಜಮೀನಿನ ಹಕ್ಕು ಬಿಟ್ಟಂತಲ್ಲ, ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಅಲ್ಲಿ ಹೆಬ್ಬೆಟ್ಟು ಒತ್ತಿದ ಮೇಲೆ ತಿರುಗಿ ಬರುವುದು ಬಲು ಕಷ್ಟ.

"ಮದುವೆಗೆ ಬಂಗಾರ, ಬೈಕು ಕೊಟ್ಟೀವಲ್ಲ" ಎನ್ನುವವರಿಗೆ ಒಂದೇ ಪ್ರಶ್ನೆ: ಆ ಬೈಕು ಯಾರ ಹೆಸರಿನಲ್ಲಿದೆ? ವರದಕ್ಷಿಣೆ 1961ರಿಂದಲೇ ಅಪರಾಧ. ಅದನ್ನು ಪಾಲಿನ ಲೆಕ್ಕಕ್ಕೆ ಹಿಡಿಯುವುದು ಯಾವ ನ್ಯಾಯ?

ಪಹಣಿಯಲ್ಲಿ ಹೆಸರಿಲ್ಲ ಎಂದಾಕ್ಷಣ ಹಕ್ಕು ಹೋಯಿತೆಂದು ಕೈಚೆಲ್ಲಬೇಡಿ. ಪಹಣಿ ಕಂದಾಯ ದಾಖಲೆ ಅಷ್ಟೇ. ಪಾಲಿನ ದಾವೆಗೆ ಸಿವಿಲ್ ಕೋರ್ಟ್ ಇದೆ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾದ ವಿಭಾಗಪತ್ರವನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ಜಂಟಿ ಖಾತೆಯಲ್ಲಿ ಹೆಸರು ಕೂತರೂ ಕೆಲಸ ಅರ್ಧವೇ. 11ಇ ನಕ್ಷೆ (ಪಾಲು ಗುರುತಿಸುವ ಸರ್ವೆ ನಕ್ಷೆ), ವಿಭಾಗಪತ್ರ, ಪೋಡಿ (ಸರ್ವೆ ನಂಬರ್ ಒಡೆದು ಬೇರೆ ಮಾಡುವುದು) ಮುಗಿದು ನಿಮ್ಮ ಪಾಲಿನ ಪಹಣಿ ಬೇರೆಯಾಗುವ ತನಕ ಬೆಳೆಸಾಲಕ್ಕೆ ಅಣ್ಣನ ಸಹಿಗೇ ಕಾಯಬೇಕಾದೀತು.

ಮಗಳ ಗದ್ದಲದಲ್ಲಿ ಅವ್ವನನ್ನು ಎಲ್ಲರೂ ಮರೆಯುತ್ತಾರೆ. ಅಪ್ಪ ಸ್ವಂತ ದುಡಿದು ಕೊಂಡ 8 ಎಕರೆ, ಉಯಿಲು ಬರೆದಿಲ್ಲ, ಮನೆಯಲ್ಲಿ ಅವ್ವ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಎಂದಿಟ್ಟುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಲೆಗೆ 2 ಎಕರೆ. ಮುಂದಿನ ಸಲ ಪಹಣಿ ತೆಗೆಸಿದಾಗ ಒಂಬತ್ತನೇ ಕಾಲಂನಲ್ಲಿ ಅವ್ವನ ಹೆಸರು ಇದೆಯೋ ಇಲ್ಲವೋ ನೋಡಿ.