ತಪ್ಪೆಲ್ಲ 1795ರದ್ದು

ಅಮೆರಿಕದ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಯನ್ನು ಅಧ್ಯಕ್ಷರು ಹೆಸರಿಸಬೇಕು, ಸೆನೆಟ್ ಒಪ್ಪಬೇಕು. ಅಲ್ಲಿನ ಸಂವಿಧಾನ ಹೇಳಿದ್ದು ಇಷ್ಟೇ. ಎಷ್ಟು ದಿನದೊಳಗೆ ಒಪ್ಪಬೇಕು, ಬೇಡ ಅಂದರೆ ಬಾಯಿಬಿಟ್ಟು ಹೇಳಬೇಕಾ, ಸುಮ್ನೆ ಕೂತರೂ ನಡೆಯುತ್ತಾ ಅನ್ನೋದನ್ನು ಬರೆದಿಲ್ಲ. ಬರೆದವರು ದೊಡ್ಡ ಮನುಷ್ಯರು. ಮುಂದೆ ಬರುವವರೂ ಹಾಗೇ ಇರುತ್ತಾರೆ ಅಂದುಕೊಂಡರೋ ಏನೋ.

ಅವರು ಬರೆಯದೆ ಬಿಟ್ಟ ಜಾಗದಲ್ಲೇ ಈಗ ಎರಡು ಪಕ್ಷಗಳ ಕಾದಾಟ. ನೇಮಕಕ್ಕೆ ಅಡ್ಡಗಾಲು ಹಾಕಿದ್ದು ಸರಿಯಾ ತಪ್ಪಾ ಅನ್ನೋದು ಈ ಜಗಳದ ವಿಷಯವೇ ಅಲ್ಲ. ಮೊದಲು ಹಾಕಿದ್ದು ಯಾರು ಅನ್ನೋದಷ್ಟೇ ವಿಷಯ.

ರಿಪಬ್ಲಿಕನ್ನರನ್ನು ಕೇಳಿ. ಅವರ ಇತಿಹಾಸ ಶುರುವಾಗೋದು 1987ರಲ್ಲಿ. ರಿಪಬ್ಲಿಕನ್ ಅಧ್ಯಕ್ಷ ರೇಗನ್ ಅವರು ಸುಪ್ರೀಂ ಕೋರ್ಟಿಗೆ ರಾಬರ್ಟ್ ಬೋರ್ಕ್ ಹೆಸರು ಹೇಳಿದ ದಿನವೇ ಡೆಮಾಕ್ರಾಟ್ ಸೆನೆಟರ್ ಎಡ್ವರ್ಡ್ ಕೆನಡಿ ಸೆನೆಟ್ಟಿನಲ್ಲಿ ಎದ್ದು ನಿಂತು, ಈ ಮನುಷ್ಯ ಬಂದರೆ ದೇಶ ಮುಗಿದೇ ಹೋಯಿತು ಅನ್ನುವ ಧಾಟಿಯಲ್ಲಿ ಗುಡುಗಿದರು. ಕೊನೆಗೆ 42-58 ಮತಗಳಿಂದ ಬೋರ್ಕ್ ಸೋತರು. ಅಲ್ಲಿಯವರೆಗೆ ಎಲ್ಲರೂ ಸಾಧುಗಳೇ ಆಗಿದ್ದರಂತೆ. ಹಾಗಾದರೆ 1968ರ ಕಥೆ? ಏಬ್ ಫೋರ್ಟಸ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲು ಡೆಮಾಕ್ರಾಟ್ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊರಟಾಗ, ಚರ್ಚೆ ಮುಗಿಯಲು ಬಿಡದೆ ಕೆಡವಿದವರಲ್ಲಿ ರಿಪಬ್ಲಿಕನ್ನರೂ ಇದ್ದರಲ್ಲ? ಆ ಪುಟಗಳು ಅವರ ಪುಸ್ತಕದಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ.

ಡೆಮಾಕ್ರಾಟರ ಇತಿಹಾಸ ಇನ್ನೂ ಚಿಕ್ಕದು. ಅದು ಶುರುವಾಗೋದು 2016ರ ಫೆಬ್ರುವರಿ 13ಕ್ಕೆ, ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡ ದಿನ. 2003ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ಬುಷ್ ಹೆಸರಿಸಿದ್ದ ಮಿಗೆಲ್ ಎಸ್ಟ್ರಾಡಾ ಅವರ ಮೇಲ್ಮನವಿ ಕೋರ್ಟಿನ ನೇಮಕವನ್ನು ಮತಕ್ಕೇ ಬಿಡದೆ, ಕೊನೆಗೆ ಅವರೇ ಬೇಸತ್ತು ಹಿಂದೆ ಸರಿದದ್ದು? "ಅದಾ? ಅದು ಬೇರೆ ವಿಷಯ." 2013ರಲ್ಲಿ ಸೆನೆಟ್ಟಿನ ಡೆಮಾಕ್ರಾಟ್ ನಾಯಕ ಹ್ಯಾರಿ ರೀಡ್ ನಿಯಮವನ್ನೇ ಬದಲಿಸಿ, ಕೆಳಗಿನ ಕೋರ್ಟುಗಳ ನೇಮಕಕ್ಕೆ ಬರಿ ಬಹುಮತ ಸಾಕು ಅಂದದ್ದು? "ಅವರು ಅಷ್ಟು ಕಾಡಿದರೆ ಇನ್ನೇನು ಮಾಡೋದು?" ಇದಕ್ಕೆ ಪಶ್ಚಾತ್ತಾಪ ಪಡುತ್ತೀರಿ ಎಂದು ಸೆನೆಟ್ಟಿನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಅಂದೇ ಎಚ್ಚರಿಸಿದ್ದರು. 2017ರಲ್ಲಿ ಅದೇ ಅಸ್ತ್ರವನ್ನು ಸುಪ್ರೀಂ ಕೋರ್ಟಿನ ನೇಮಕಕ್ಕೂ ಬಳಸಿ, ಆ ಪಶ್ಚಾತ್ತಾಪಕ್ಕೆ ಬೇಕಾದ ಏರ್ಪಾಡನ್ನು ಅವರೇ ಮುಂದೆ ನಿಂತು ಮಾಡಿಕೊಟ್ಟರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತೀವಲ್ಲ, ಸೆನೆಟ್ಟಿನಲ್ಲಿ ಅತ್ತೆಯೂ ಅವರೇ, ಸೊಸೆಯೂ ಅವರೇ. ನೆನಪಿರೋದು ಮಾತ್ರ ಸೊಸೆಯಾಗಿದ್ದ ದಿನಗಳು.

ಇನ್ನು ಸ್ಕಾಲಿಯಾ ಅವರ ಖಾಲಿ ಕುರ್ಚಿಗೆ ಒಬಾಮ ಹೆಸರಿಸಿದ ಮೆರಿಕ್ ಗಾರ್ಲಂಡ್ ಅವರ ಪ್ರಸಂಗ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಅಷ್ಟು ರುಚಿಯಾಗಿದೆ. ಒಬಾಮ ಹೆಸರು ಪ್ರಕಟಿಸುವ ಕೆಲವೇ ದಿನ ಮೊದಲು ರಿಪಬ್ಲಿಕನ್ ಸೆನೆಟರ್ ಆರಿನ್ ಹ್ಯಾಚ್ ಒಂದು ಮಾತು ಆಡಿದ್ದರು. ಗಾರ್ಲಂಡ್ ಒಳ್ಳೆಯ ಮನುಷ್ಯ, ಅಧ್ಯಕ್ಷರು ಅವರನ್ನೇ ಹೆಸರಿಸಬಹುದಿತ್ತು, ಆದರೆ ಹೆಸರಿಸೋದಿಲ್ಲ ಅಂತ. ಮಾರ್ಚ್ 16ಕ್ಕೆ ಒಬಾಮ ಆ ಒಳ್ಳೆಯ ಮನುಷ್ಯನನ್ನೇ ತಂದು ನಿಲ್ಲಿಸಿದರು. ಹ್ಯಾಚ್ ಅವರ ಪಕ್ಷ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಗಾರ್ಲಂಡ್ ಹಲವು ಸೆನೆಟರುಗಳ ಕಚೇರಿಗೆ ಹೋಗಿ ಕೂತು ಬಂದರು. ಕ್ಯಾಮೆರಾ ಮುಂದೆ ಕೈ ಕುಲುಕಿದ್ದಾಯಿತು. ವಿಚಾರಣೆ ಇಲ್ಲ, ಮತದಾನವೂ ಇಲ್ಲ. 293 ದಿನ ಹೀಗೇ ಕಳೆದು, 2017ರ ಜನವರಿ 3ಕ್ಕೆ ಆ ಕಾಗದ ತಾನಾಗಿಯೇ ಸತ್ತಿತು. ಅಷ್ಟು ದಿನ ಎಂಟು ಜನರ ಕೋರ್ಟು 4-4 ಅಂತ ಸಮಸಮ ಬಂದಾಗೆಲ್ಲ ಕೆಳಗಿನ ಕೋರ್ಟು ಹೇಳಿದ್ದನ್ನೇ ಉಳಿಸಿ ಮುಂದೆ ಹೋಗುತ್ತಿತ್ತು.

ಕಾರಣ ಏನಪ್ಪಾ ಅಂದರೆ, ಇದು ಚುನಾವಣೆಯ ವರ್ಷ, ಜನ ತೀರ್ಮಾನಿಸಲಿ. ಬೋರ್ಕ್ ಸೋತ ಮೇಲೆ ರೇಗನ್ ಹೆಸರಿಸಿದ ಆಂಥೊನಿ ಕೆನಡಿ ಅವರನ್ನು ಡೆಮಾಕ್ರಾಟರ ಸೆನೆಟ್ಟೇ 97-0 ಮತಗಳಿಂದ ಒಪ್ಪಿದ್ದು 1988ರಲ್ಲಿ, ಅದೂ ಚುನಾವಣೆಯ ವರ್ಷವೇ ಅಲ್ವಾ? ಅಲ್ಲವಂತೆ, ಹೆಸರಿಸಿದ್ದು ಹಿಂದಿನ ನವೆಂಬರಿನಲ್ಲಿ, ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಸಿಕ್ಕಿದ್ದು ಜೋ ಬೈಡನ್ 1992ರಲ್ಲಿ ಸೆನೆಟರ್ ಆಗಿ ಮಾಡಿದ ಭಾಷಣ. ಚುನಾವಣೆ ಮುಗಿಯುವವರೆಗೆ ನೇಮಕ ಬೇಡ ಎಂದು ಆಗ ಅವರು ಹೇಳಿದ್ದರು. ಆಗ ಒಂದು ಕುರ್ಚಿಯೂ ಖಾಲಿ ಇರಲಿಲ್ಲ ಅನ್ನೋದು ಬೇರೆ ಮಾತು. 24 ವರ್ಷದ ನಂತರ ಅದು "ಬೈಡನ್ ನಿಯಮ" ಆಗಿ ಬಡ್ತಿ ಪಡೆಯಿತು.

2019ರಲ್ಲಿ ಕೆಂಟಕಿಯ ಪಡೂಕಾ ಊರಿನ ಸಭೆಯೊಂದರಲ್ಲಿ ಯಾರೋ ಮೆಕಾನೆಲ್ ಅವರನ್ನು ಕೇಳಿದರು: ಮುಂದಿನ ವರ್ಷ ಕುರ್ಚಿ ಖಾಲಿಯಾದರೆ ಏನು ಮಾಡುತ್ತೀರಿ? ಅವರು ಐಸ್ ಟೀಯನ್ನು ನಿಧಾನವಾಗಿ ಒಂದು ಗುಟುಕು ಕುಡಿದರು. "ಓ, ತುಂಬುತ್ತೇವೆ" ಅಂದರು. ಆ ಗುಟುಕಿನಷ್ಟು ಪ್ರಾಮಾಣಿಕವಾದದ್ದು ಈ ಇಡೀ ಪ್ರಸಂಗದಲ್ಲಿ ಇನ್ನೊಂದಿಲ್ಲ. 2020ರ ಸೆಪ್ಟೆಂಬರ್ 18ಕ್ಕೆ ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗ್ ತೀರಿಕೊಂಡರು. ಅಕ್ಟೋಬರ್ 26ಕ್ಕೆ ಆ ಕುರ್ಚಿಗೆ ಟ್ರಂಪ್ ಹೆಸರಿಸಿದ ಏಮಿ ಬ್ಯಾರೆಟ್ ಅವರಿಗೆ ಸೆನೆಟ್ ಒಪ್ಪಿಗೆ ಸಿಕ್ಕಿತು. ಚುನಾವಣೆಗೆ ಇನ್ನು ಎಂಟೇ ದಿನ. ಎಷ್ಟೋ ಕಡೆ ಜನ ಆಗಲೇ ಮತ ಹಾಕಿ ಮನೆಗೂ ಹೋಗಿದ್ದರು. ವಿಚಾರಣೆ ನಡೆಸಿಕೊಟ್ಟವರು ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ. ಇಂಥ ಸಂದರ್ಭ ಬಂದರೆ ನನ್ನ ಮಾತನ್ನೇ ನನ್ನ ಮೇಲೆ ಬಳಸಿ ಎಂದು 2016ರಲ್ಲಿ ಹೇಳಿದ್ದ ಅದೇ ಗ್ರಹಾಂ. ಜನ ಬಳಸಿದರು. ಅವರಿಗೆ ನಾಟಿದ ಹಾಗೆ ಕಾಣಲಿಲ್ಲ.

ಇಬ್ಬರದ್ದೂ ಸಮಸಮ ತಪ್ಪು ಅನ್ನುವ ಪಂಚಾಯಿತಿಯವರೂ ಇದ್ದಾರೆ. ಅದು ಮೈ ನೋಯದ ಕೆಲಸ. ನನ್ನನ್ನು ಕೇಳಿದರೆ, ಬೋರ್ಕ್ ಅವರಿಗೆ ವಿಚಾರಣೆ ಸಿಕ್ಕಿತು, ಮತವೂ ಸಿಕ್ಕಿತು, ಸೋತರು. ಗಾರ್ಲಂಡ್ ಅವರಿಗೆ ಸೋಲುವ ಅವಕಾಶವನ್ನೂ ಕೊಡಲಿಲ್ಲ. ಆದರೆ ಎಸ್ಟ್ರಾಡಾ ಅವರಿಗೂ ಕೊಟ್ಟಿರಲಿಲ್ಲ ಎಂದು ಯಾರಾದರೂ ನೆನಪಿಸಿದರೆ, ಡೆಮಾಕ್ರಾಟರು "ಅದು ಬೇರೆ ವಿಷಯ" ಅನ್ನುವಂತಿಲ್ಲ.

ಅದಕ್ಕೇ ನನ್ನದೊಂದು ಸಲಹೆ. ತಪ್ಪನ್ನೆಲ್ಲ 1795ರ ತಲೆಗೆ ಕಟ್ಟಿಬಿಡೋಣ. ಆ ವರ್ಷ ಸಾಕ್ಷಾತ್ ಜಾರ್ಜ್ ವಾಷಿಂಗ್ಟನ್ ಅವರೇ ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಆರಿಸಿದ ಜಾನ್ ರಟ್ಲೆಜ್ ಅವರನ್ನು ಸೆನೆಟ್ 10-14ರಿಂದ ತಿರಸ್ಕರಿಸಿತು. ಬ್ರಿಟನ್ ಜೊತೆಗಿನ ಒಪ್ಪಂದವನ್ನು ಅವರು ಬಹಿರಂಗವಾಗಿ ಬೈದಿದ್ದರು, ಅದೇ ಮುಳುವಾಯಿತು. ಇದಕ್ಕಿಂತ ಒಳ್ಳೆಯ ಆರೋಪಿ ಸಿಗೋದಿಲ್ಲ. ಆ ಸೆನೆಟರುಗಳಲ್ಲಿ ಯಾರೂ ಬದುಕಿಲ್ಲ. ಈಗಿನ ಎರಡು ಪಕ್ಷಗಳೂ ಆಗ ಹುಟ್ಟಿರಲಿಲ್ಲ. ಸೆನೆಟ್ಟಿನಲ್ಲಿ ಸರ್ವಾನುಮತದಿಂದ ಪಾಸಾಗುವ ನಿರ್ಣಯ ಅಂತ ಇದ್ದರೆ ಇದೊಂದೇ.

ಇಬ್ಬರೂ ಒಪ್ಪದಿದ್ದರೆ ಇನ್ನೂ ಒಂದು ದಾರಿ ಇದೆ. 1866ರಲ್ಲಿ ಅಧ್ಯಕ್ಷ ಆಂಡ್ರೂ ಜಾನ್ಸನ್ ಅವರಿಗೆ ನೇಮಕದ ಅವಕಾಶವೇ ಸಿಗದಂತೆ ಕಾಂಗ್ರೆಸ್ಸು ಕುರ್ಚಿಗಳನ್ನೇ ಕಮ್ಮಿ ಮಾಡಿತ್ತು. 2016ರಲ್ಲಿ ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಜ್, ಕಮ್ಮಿ ನ್ಯಾಯಮೂರ್ತಿಗಳಿಗೆ ಹಳೆಯ ಪೂರ್ವನಿದರ್ಶನ ಇದೆ ಎಂದು ನೆನಪಿಸಿದರು. 2021ರಲ್ಲಿ ಕೆಲವು ಡೆಮಾಕ್ರಾಟರು ಹದಿಮೂರು ಕುರ್ಚಿ ಬೇಕು ಎಂದು ಮಸೂದೆ ತಂದರು. ಸಂವಿಧಾನದಲ್ಲಿ ಒಂಬತ್ತು ಅಂತ ಎಲ್ಲೂ ಬರೆದಿಲ್ಲ. ಬಡಗಿಗಂತೂ ಕೆಲಸ ಗ್ಯಾರಂಟಿ.