ಪರ-ವಿರೋಧ: ಡೆಲಿವರಿ ಚಾರ್ಜ್ ಬೇರೆ ಹಾಕಬೇಕೋ, ಬೆಲೆಯಲ್ಲೇ ಸೇರಿಸಬೇಕೋ?

ಪರ: ಬೇರೆ ಹಾಕಲಿ, ಕಣ್ಣಿಗೆ ಕಾಣಲಿ

ನಾನು ಕಲಬುರಗಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ ಮಾರುತ್ತೇನೆ. ಆರ್ಡರ್ ಬರುವುದೆಲ್ಲ ಮೊಬೈಲಿನಲ್ಲಿ. ದಿನಾ ಕೇಳುವ ಮಾತು ಒಂದೇ, "ಡೆಲಿವರಿ ಫ್ರೀ ಇದೆಯಾ?" ಫ್ರೀ ಎಂದು ಬರೆದರೆ ಮಾರಾಟ ಏರುತ್ತದೆ, ಅದು ನನಗೂ ಗೊತ್ತು. ಆದರೂ ಬರೆಯಲು ಮನಸ್ಸು ಬರುವುದಿಲ್ಲ. ಲಾರಿಗೆ ಡೀಸೆಲ್ ಬೇಕು, ಬಿಸಿಲಲ್ಲಿ ಮನೆ ಬಾಗಿಲಿಗೆ ಬರುವ ಹುಡುಗನಿಗೆ ಕೂಲಿ ಬೇಕು.

ಕೊರಿಯರ್‌ನವರ ಲೆಕ್ಕ ಕೇಳಿ. ತಕ್ಕಡಿಯ ತೂಕ ಒಂದು, ಡಬ್ಬಿಯ ಅಳತೆಯಿಂದ ತೆಗೆಯುವ ತೂಕ ಇನ್ನೊಂದು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನನ್ನ 30 ರೊಟ್ಟಿ ಒಂದೂವರೆ ಕೇಜಿ ದಾಟುವುದಿಲ್ಲ. ಆದರೆ ಮುರಿಯದೆ ಮುಟ್ಟಬೇಕಾದರೆ 30 ಉದ್ದ, 30 ಅಗಲ, 20 ಎತ್ತರದ ರಟ್ಟಿನ ಡಬ್ಬಿ ಬೇಕು. ಅವರ ಲೆಕ್ಕದಲ್ಲಿ ಅದು 3.6 ಕೇಜಿ! ಬೇಳೆಗೆ ಈ ತಾಪತ್ರಯವಿಲ್ಲ, ಒತ್ತಿ ಕಟ್ಟಿದರೆ ಆಯಿತು. ಎರಡಕ್ಕೂ ಒಂದೇ ಚಾರ್ಜ್ ಎಂದರೆ, ಬೇಳೆ ಕೊಂಡವರು ರೊಟ್ಟಿಯ ಡಬ್ಬಿಗೂ ದುಡ್ಡು ಕೊಟ್ಟ ಹಾಗೆ.

ಇನ್ನು ಬೆಲೆಯಲ್ಲೇ ಸೇರಿಸುವ ಮಾತು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಭಾಗದ್ದೇ ಬೆಳೆ ಎಂಬ ಸರ್ಕಾರಿ ಗುರುತು, ಸಿಕ್ಕಿತು. ಅದರ ಬೆಲೆಗೆ ದೆಹಲಿಯ ತನಕದ ಖರ್ಚು ಸೇರಿಸಿದೆ ಎಂದುಕೊಳ್ಳಿ. ನೋಡಿದವರು "ಕಲಬುರಗಿ ಬೇಳೆ ದುಬಾರಿ" ಎನ್ನುತ್ತಾರೆ. ದುಬಾರಿ ಆದದ್ದು ಬೇಳೆಯಲ್ಲ, ದಾರಿ. ಮೇಲಾಗಿ ಪಕ್ಕದ ಸೇಡಂನಲ್ಲಿ ಕೂತು ತರಿಸಿದವರೂ ದೆಹಲಿಯ ದಾರಿಖರ್ಚು ಹೊರಬೇಕು. ಇದು ಸರಿ ಅಲ್ಲ.

ದೂರ ನೋಡಿ ಹಾಕಿದರೆ ನಮ್ಮ ಭಾಗಕ್ಕೆ ಯಾವಾಗಲೂ ನಷ್ಟ ಎಂದೂ ಅಲ್ಲ. ಬೀದರ್‌ಗೆ ಹೈದರಾಬಾದ್ 150 ಕಿಲೋಮೀಟರಿನೊಳಗಿದೆ, ಬೆಂಗಳೂರು ಸುಮಾರು 700. ಹೈದರಾಬಾದಿನ ಗೋದಾಮಿನಿಂದ ಹೊರಟ ಮಿಕ್ಸಿಗೆ ಬೀದರಿನವರು ಬೆಂಗಳೂರಿನವರಿಗಿಂತ ಕಡಿಮೆ ಕೊಡಬೇಕು, ಅಲ್ವಾ? ಎಲ್ಲರಿಗೂ ಒಂದೇ ಎಂದ ಕೂಡಲೇ ಆ ಲಾಭ ಹೋಯಿತು.

ವಿರೋಧ: ಎಲ್ಲ ಊರಿಗೂ ಒಂದೇ ಬೆಲೆ ಇರಲಿ

ರೊಟ್ಟಿಯ ಡಬ್ಬಿಯ ಮಾತು ಒಪ್ಪುತ್ತೇನೆ. ದೊಡ್ಡ ಡಬ್ಬಿಗೆ ಜಾಸ್ತಿ ಖರ್ಚು, ಅದನ್ನು ರೊಟ್ಟಿಯ ಬೆಲೆಯಲ್ಲೇ ಸೇರಿಸಲಿ. ನನ್ನ ತಕರಾರು ಊರು ನೋಡಿ ಹಾಕುವ ಚಾರ್ಜಿನ ಮೇಲೆ.

ನಾನು ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಹಳ್ಳಿಯೊಂದರಲ್ಲಿ ಮೇಷ್ಟ್ರು. ಶಾಲೆಯ ಮಕ್ಕಳಿಗೆಂದು ಒಂದು ಇಂಗ್ಲಿಷ್-ಕನ್ನಡ ನಿಘಂಟು ತರಿಸಲು ಹೋದೆ. ಬೆಲೆ 150 ರೂಪಾಯಿ. ಹೆಸರು, ವಿಳಾಸ ಎಲ್ಲ ತುಂಬಿದೆ. 585ರಿಂದ ಶುರುವಾಗುವ ನಮ್ಮ ಪಿನ್ ಕೋಡ್ ಹಾಕಿದ ಮೇಲೆ ಇನ್ನೂ 95 ರೂಪಾಯಿ ಸೇರಿತು. ಬೆಂಗಳೂರಿನ ಗೆಳೆಯನ ಪಿನ್ ಕೋಡ್ ಹಾಕಿ ನೋಡಿದೆ. ಅಲ್ಲಿಗೆ ಫ್ರೀ. ಅವನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಪುಸ್ತಕದಂಗಡಿ ಇದೆ. ನಮಗೆ ಇಲ್ಲ. ಅಂಗಡಿ ಇಲ್ಲದ ಊರಿಗೇ ಈ ಸೌಕರ್ಯ ಹೆಚ್ಚು ಬೇಕು, ಆ ಊರಿಗೇ ಹೆಚ್ಚು ದುಡ್ಡು!

ಕೊನೆಯ ಹೆಜ್ಜೆಯಲ್ಲಿ ಹೀಗೆ ಚಾರ್ಜ್ ಏರಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲೇ ಮೋಸದ ತಂತ್ರಗಳ ಪಟ್ಟಿಗೆ ಸೇರಿಸಿದೆ. ಮೊದಲೇ ತೋರಿಸಿದ್ದರೆ ಮೋಸ ಇರುತ್ತಿರಲಿಲ್ಲ, ಆದರೆ 95 ರೂಪಾಯಿ ಇದ್ದೇ ಇರುತ್ತಿತ್ತು.

ದೂರಕ್ಕೆ ತಕ್ಕ ದುಡ್ಡು ಎನ್ನುವುದು ನ್ಯಾಯವಾಗಿ ಕಾಣುತ್ತದೆ. ಆದರೆ ನಮ್ಮ ಹಳ್ಳಿಯ ಕಿರಾಣಿ ಅಂಗಡಿಗೆ ಬನ್ನಿ. ಸೋಪು, ಬಿಸ್ಕತ್ತು, ಬೆಂಕಿಪೊಟ್ಟಣ ಎಲ್ಲದರ ಮೇಲೆ ಎಂಆರ್‌ಪಿ ಇದೆ. ಮುಂಬೈಯಲ್ಲಿ ಅಚ್ಚಾದ ಬೆಲೆಯೇ ಇಲ್ಲಿಯೂ. ಲಾರಿ ಬಾಡಿಗೆ ಅದರೊಳಗೇ ಸೇರಿರುತ್ತದೆ. ಯಾರೂ ಬಿಸ್ಕತ್ತಿಗೆ ಯಾದಗಿರಿ ಚಾರ್ಜ್ ಕೇಳುವುದಿಲ್ಲ. ಅಂಚೆಯ ಸಾಮಾನ್ಯ ಕಾಗದಕ್ಕೂ ಹಾಗೇ. 1854ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ದೂರದ ಲೆಕ್ಕ ಬಿಟ್ಟು ಹಗುರ ಕಾಗದಕ್ಕೆ ಎಲ್ಲೆಡೆ ಅರ್ಧಾಣೆ ಎಂದು ಗೊತ್ತು ಮಾಡಿದರು. ದರ ಒಂದೇ ಆದದ್ದರಿಂದ ಬಡವನೂ ದೂರದ ಮಗನಿಗೆ ಕಾಗದ ಹಾಕುವಂತಾಯಿತು.

ಸಣ್ಣ ವ್ಯಾಪಾರಿಗೆ ಇದು ಹೊರೆ ಎನ್ನುವುದು ನಿಜ. ಹೊರೆ ಹೊರಬೇಕಾದವರು ದೇಶದ ತುಂಬ ಗೋದಾಮು ಇಟ್ಟುಕೊಂಡ ದೊಡ್ಡ ಕಂಪನಿಗಳು. ಲಕ್ಷಾಂತರ ಪಾರ್ಸಲ್‌ಗಳ ಮೇಲೆ ಹಂಚಿದರೆ ಸುರಪುರದ ಖರ್ಚು ತಲೆಗೆ ಎಷ್ಟು ಬಿದ್ದೀತು? ಬೀದರಿನ ಮಿಕ್ಸಿಗೆ ನಾಲ್ಕು ರೂಪಾಯಿ ಜಾಸ್ತಿ ಆದರೆ ಆಗಲಿ ಬಿಡಿ. ಅದೇ ಬೀದರಿನವರಿಗೆ ಬೆಂಗಳೂರಿನಿಂದ ಬರುವ ಪುಸ್ತಕ ಅಗ್ಗವಾಗುತ್ತದೆ.

ನಿಘಂಟನ್ನು ನಾನು ಕಡೆಗೂ ಆರ್ಡರ್ ಮಾಡಲಿಲ್ಲ. ನಮ್ಮ ಪಕ್ಕದ ಮನೆಯವರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದರು. ಅವರಿಗೆ ಫೋನ್ ಮಾಡಿ ಹೇಳಿದೆ. ಜುಲೈನಲ್ಲಿ ಬೇಕಾಗಿದ್ದ ಪುಸ್ತಕ ದೀಪಾವಳಿಗೆ ಬಂತು, ಅವರ ಬಟ್ಟೆಯ ಚೀಲದಲ್ಲಿ.