ಅನುದಾನ ಮುಗಿಯಿತು, ಹುದ್ದೆಯೂ ಮುಗಿಯಿತು

ಬಜೆಟ್ ಪರಿಶೀಲನಾ ಸಭೆಯಿಂದ ಈಗಷ್ಟೇ ಹೊರಬಂದಿದ್ದೇನೆ. ಸಿಟ್ಟು ಇಳಿಯುವ ಮೊದಲೇ ಇದನ್ನು ಬರೆದುಬಿಡಬೇಕು ಎನ್ನಿಸಿದೆ. ನಮ್ಮ ನಗರ ಸಂಚಾರ ಸುರಕ್ಷತಾ ಕಾರ್ಯಕ್ರಮದಲ್ಲಿ ಅಪಘಾತಗಳ ದತ್ತಾಂಶವನ್ನು ವಿಶ್ಲೇಷಿಸಲು ಇದ್ದ ಒಂದೇ ಒಂದು ಹುದ್ದೆಯನ್ನು ‘ಅನುದಾನದ ಅವಧಿ ಮುಗಿದಿದೆ’ ಎಂಬ ಒಂದು ಸಾಲಿನ ಟಿಪ್ಪಣಿ ಬರೆದು ಕೈಬಿಟ್ಟರು. ಅದರ ಬೆನ್ನಿಗೇ, ಉಳಿದ ಹಣ ಆರ್ಥಿಕ ವರ್ಷದ ಕೊನೆಗೆ ವಾಪಸಾಗದಿರಲಿ ಎಂದು ಎಲೆಕ್ಟ್ರಾನಿಕ್ ಸೂಚನಾ ಫಲಕಗಳ ಖರೀದಿಗೆ ಒಪ್ಪಿಗೆ ಕೊಟ್ಟರು. ಆ ಫಲಕಗಳನ್ನು ಯಾವ ರಸ್ತೆಯಲ್ಲಿ, ಯಾವ ಆಧಾರದ ಮೇಲೆ ನಿಲ್ಲಿಸಬೇಕೆಂದು ಹೇಳಬಲ್ಲ ವ್ಯಕ್ತಿಯನ್ನೇ ಐದು ನಿಮಿಷದ ಹಿಂದೆ ಮನೆಗೆ ಕಳಿಸಿದ್ದೇವೆ ಎಂಬುದು ಆ ಕೋಣೆಯಲ್ಲಿ ಯಾರನ್ನೂ ಕಾಡಲಿಲ್ಲ.

ನನ್ನ ಕೆಲಸ ಏನೆಂಬುದು ಇಲ್ಲಿರುವ ಸ್ನೇಹಿತರಿಗೆ ಗೊತ್ತೇ ಇದೆ. ಅನುದಾನಕ್ಕೆ ಅರ್ಜಿ ಬರೆಯುವುದು, ಲೆಕ್ಕಶೀರ್ಷಿಕೆಗಳನ್ನು ಹೊಂದಿಸುವುದು, ಬಳಕೆ ಪ್ರಮಾಣಪತ್ರ ಸಲ್ಲಿಸುವುದು, ಗುತ್ತಿಗೆ ನೌಕರರ ಅವಧಿ ವಿಸ್ತರಣೆಗಾಗಿ ಕಡತ ಹಿಡಿದು ಮೇಜಿನಿಂದ ಮೇಜಿಗೆ ಅಲೆಯುವುದು, ಇದೇ ನನ್ನ ದಿನಚರಿ. ಹಾಗಾಗಿ ಹಣವೇ ಇಲ್ಲ ಎಂಬ ಮಾತನ್ನು ನಾನು ಸುಲಭವಾಗಿ ಒಪ್ಪುವವನಲ್ಲ. ಹಣ ಬರುತ್ತದೆ. ಆದರೆ ಅದು ವಸ್ತುಗಳಿಗೆ ಬರುತ್ತದೆ, ಆ ವಸ್ತುಗಳನ್ನು ತಿಳಿದು ಬಳಸುವ ಮನುಷ್ಯರಿಗೆ ಬರುವುದಿಲ್ಲ. ನನ್ನ ದೂರು ಇದೊಂದೇ.

ಕೈಬಿಟ್ಟ ಆ ಹುದ್ದೆಯಲ್ಲಿದ್ದವರು ಏನು ಮಾಡುತ್ತಿದ್ದರು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ‘ಕಂಪ್ಯೂಟರಿನಲ್ಲಿ ಅಂಕಿ ತುಂಬುವ ಕೆಲಸ’ ಎಂದೇ ಹಲವರು ತಿಳಿದಿದ್ದಾರೆ. ಪೊಲೀಸ್ ದಾಖಲೆಯಲ್ಲಿ ‘ಮುಖ್ಯರಸ್ತೆಯ ಬಸ್ ನಿಲ್ದಾಣದ ಹತ್ತಿರ’ ಎಂದಷ್ಟೇ ಬರೆದಿರುವ ಅಪಘಾತವನ್ನು ನಕ್ಷೆಯ ಮೇಲೆ ಸರಿಯಾದ ಬಿಂದುವಿಗೆ ತಂದು ನಿಲ್ಲಿಸಬೇಕು. ಆಸ್ಪತ್ರೆಯ ದಾಖಲೆಗಳೊಂದಿಗೆ ತಾಳೆ ನೋಡಿ, ಪೊಲೀಸರ ಗಮನಕ್ಕೇ ಬಾರದ ಗಾಯಾಳುಗಳನ್ನು ಪತ್ತೆ ಹಚ್ಚಬೇಕು. ಅಪಘಾತವಾದ 30 ದಿನಗಳೊಳಗೆ ಮೃತಪಟ್ಟವರನ್ನು ರಸ್ತೆ ಸಾವೆಂದು ಎಣಿಸುವುದು ಅಂತರರಾಷ್ಟ್ರೀಯ ರೂಢಿ. ಎರಡು ವಾರ ತೀವ್ರ ನಿಗಾ ಘಟಕದಲ್ಲಿದ್ದು ತೀರಿಕೊಂಡವರ ದಾಖಲೆಗೆ ಮತ್ತೆ ಹೋಗಿ ‘ಗಾಯ’ ಎಂಬುದನ್ನು ‘ಸಾವು’ ಎಂದು ತಿದ್ದುವವರೊಬ್ಬರು ಇರದಿದ್ದರೆ ನಗರದ ಲೆಕ್ಕದಲ್ಲಿ ಆ ಸಾವು ನಡೆದೇ ಇಲ್ಲ ಎಂದಾಗುತ್ತದೆ. ಈ ತಿದ್ದುವಿಕೆಯನ್ನು ಯಾವ ಫಲಕವೂ ಮಾಡಲಾರದು, ಯಾವ ಕ್ಯಾಮೆರಾವೂ ಮಾಡಲಾರದು.

ಬಂಡವಾಳ ವೆಚ್ಚ (ಬಾಳಿಕೆ ಬರುವ ವಸ್ತುಗಳ ಖರ್ಚು), ರಾಜಸ್ವ ವೆಚ್ಚ (ಸಂಬಳದಂಥ ಮರುಕಳಿಸುವ ಖರ್ಚು) ಎಂಬ ವಿಂಗಡಣೆ ಲೆಕ್ಕಪತ್ರಕ್ಕೆ ಬೇಕೇ ಬೇಕು, ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ಮೊದಲನೆಯದನ್ನು ಹೂಡಿಕೆಯೆಂದು ಗೌರವಿಸಿ ಎರಡನೆಯದನ್ನು ಹೊರೆಯೆಂದು ನೋಡುವ ಅಭ್ಯಾಸ ರಸ್ತೆ ಸುರಕ್ಷತೆಯಲ್ಲಿ ಜೀವಹಾನಿಗೆ ದಾರಿ ಮಾಡುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಸಿಗ್ನಲ್ಲಿನಲ್ಲಿ ವಾಹನಗಳಿಗೆ ಹಸಿರು ಬರುವ 3ರಿಂದ 7 ಸೆಕೆಂಡು ಮೊದಲೇ ಪಾದಚಾರಿಗಳಿಗೆ ಹಸಿರು ಕೊಟ್ಟರೆ, ತಿರುವು ತೆಗೆದುಕೊಳ್ಳುವ ಚಾಲಕನ ಕಣ್ಣಿಗೆ ಅವರು ಆಗಲೇ ರಸ್ತೆಯ ಮೇಲೆ ಕಾಣಿಸುತ್ತಾರೆ. ಇಂಥ ಬದಲಾವಣೆಯಿಂದ ಚೌಕಗಳಲ್ಲಿ ಪಾದಚಾರಿಗಳಿಗೆ ವಾಹನ ಬಡಿಯುವ ಅಪಘಾತಗಳು ಶೇಕಡಾ 13ರಷ್ಟು ಕಡಿಮೆಯಾಗುತ್ತವೆ ಎಂದು ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತ ಹೇಳುತ್ತದೆ. ಪಾದಚಾರಿ ದೀಪವೂ ಸಮಯ ಬದಲಿಸಬಲ್ಲ ಸಿಗ್ನಲ್ ನಿಯಂತ್ರಕವೂ ಆಗಲೇ ಇರುವ ಚೌಕದಲ್ಲಿ ಇದಕ್ಕಾಗಿ ಹೊಸದೇನನ್ನೂ ಕೊಳ್ಳಬೇಕಿಲ್ಲ. ಚೌಕದಲ್ಲಿ ನಿಂತು ತಿರುವಿನ ವಾಹನಗಳನ್ನು ಎಣಿಸಿ, ಸಿಗ್ನಲ್ಲಿನ ಒಂದು ಸುತ್ತಿನ ಸಮಯವನ್ನು ಮತ್ತೆ ಲೆಕ್ಕ ಹಾಕಿ, ನಿಯಂತ್ರಕದಲ್ಲಿ ಸಮಯ ಬದಲಿಸಿ, ಮರುವಾರ ಬಂದು ಪರಿಣಾಮ ನೋಡುವ ಒಬ್ಬ ಎಂಜಿನಿಯರ್ ಬೇಕು, ಅಷ್ಟೆ. ಟೆಂಡರ್ ಇಲ್ಲದ, ಉದ್ಘಾಟನೆ ಇಲ್ಲದ, ಛಾಯಾಚಿತ್ರಕ್ಕೆ ಸಿಗದ ಈ ಕೆಲಸದ ಪೂರ್ತಿ ಖರ್ಚು ಒಬ್ಬ ಮನುಷ್ಯನ ವೇಳೆ, ಮತ್ತು ಆ ವೇಳೆಗೆ ಕೊಡಲು ನಮ್ಮ ಬಜೆಟ್ಟಿನಲ್ಲಿ ಲೆಕ್ಕಶೀರ್ಷಿಕೆಯಿಲ್ಲ.

ಅನುದಾನ ಕೊಡುವವರ ನಿಯಮಗಳೂ ಇದೇ ದಿಕ್ಕಿಗೆ ತಳ್ಳುತ್ತವೆ. ಹೆಚ್ಚಿನ ಅನುದಾನಗಳು ಮರುಪಾವತಿಯ ಆಧಾರದ ಮೇಲೆ ನಡೆಯುತ್ತವೆ. ನಗರ ಮೊದಲು ತನ್ನ ಕೈಯಿಂದ ಖರ್ಚು ಮಾಡಿ, ರಸೀದಿ ಸಲ್ಲಿಸಿ, ಆಮೇಲೆ ಹಣ ಪಡೆಯಬೇಕು. ಸ್ವಂತ ಪಾಲು ಹಾಕಬೇಕಾಗುತ್ತದೆ. ಅಮೆರಿಕದ 2021ರ ಮೂಲಸೌಕರ್ಯ ಕಾನೂನು ರಸ್ತೆ ಸುರಕ್ಷತೆಗಾಗಿಯೇ ಸ್ಥಳೀಯ ಆಡಳಿತಗಳಿಗೆ ಐದು ವರ್ಷಗಳಲ್ಲಿ 500 ಕೋಟಿ ಡಾಲರ್ ಮೀಸಲಿಟ್ಟಿತು. ಅಲ್ಲಿಯೂ ಶೇಕಡಾ 20ರಷ್ಟನ್ನು ಸ್ಥಳೀಯರೇ ಭರಿಸಬೇಕು. ಇಷ್ಟೊಂದು ಕಾಗದಪತ್ರ ನಿಭಾಯಿಸಲು ಬಲ್ಲ ಸಿಬ್ಬಂದಿ ಇರುವ ನಗರಕ್ಕೆ ಅನುದಾನ ಸಿಗುತ್ತದೆ, ಅನುದಾನ ಸಿಕ್ಕ ನಗರ ಇನ್ನೊಬ್ಬರನ್ನು ನೇಮಿಸಿಕೊಳ್ಳುತ್ತದೆ, ಸಿಬ್ಬಂದಿಯೇ ಇಲ್ಲದ ನಗರ ಅರ್ಜಿಯ ಗಡುವನ್ನೇ ತಪ್ಪಿಸಿಕೊಂಡು ಇದ್ದಲ್ಲೇ ಉಳಿಯುತ್ತದೆ. ಎರಡು ಅನುದಾನಗಳ ನಡುವೆ ಹಂಚಿಹೋದ ಒಬ್ಬ ನೌಕರ ಯಾವ ಗಂಟೆ ಯಾವುದಕ್ಕೆ ಸೇರಿದ್ದೆಂದು ಬರೆದಿಡಬೇಕು, ತ್ರೈಮಾಸಿಕ ವರದಿ ಎರಡು ಬೇರೆ ನಮೂನೆಗಳಲ್ಲಿ ಹೋಗಬೇಕು. ಲೆಕ್ಕ ಕೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಸಾರ್ವಜನಿಕ ಹಣಕ್ಕೆ ಲೆಕ್ಕ ಇರಲೇಬೇಕು. ಆದರೆ ಲೆಕ್ಕ ಬೇಡುವವರು ಲೆಕ್ಕ ಬರೆಯುವವನ ಸಂಬಳವನ್ನು ಆಡಳಿತ ವೆಚ್ಚದ ಮಿತಿಯೊಳಗೆ ತುರುಕಿ ಅರ್ಧಕ್ಕೆ ಇಳಿಸಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸುವುದು ಅವಧಿಯ ವಿಷಯ. ಒಂದು ಚೌಕವನ್ನು ಅಪಾಯದ ತಾಣವೆಂದು ಗುರುತಿಸುವುದು ಸಾಮಾನ್ಯವಾಗಿ ಅಲ್ಲಿ ಕೆಟ್ಟ ವರ್ಷವೊಂದು ಕಳೆದ ಮೇಲೆ. ಕೆಟ್ಟ ವರ್ಷದ ಮರುವರ್ಷ ಏನೂ ಮಾಡದಿದ್ದರೂ ಸಂಖ್ಯೆ ಸರಾಸರಿಯ ಕಡೆಗೆ ಇಳಿಯುವ ಸಾಧ್ಯತೆ ಹೆಚ್ಚು. ಆ ಇಳಿಕೆಯನ್ನು ನಮ್ಮ ಕಾಮಗಾರಿಯ ಫಲವೆಂದು ಹೇಳಿಕೊಂಡರೆ ನಮ್ಮನ್ನು ನಾವೇ ವಂಚಿಸಿಕೊಂಡಂತೆ. ಆದ್ದರಿಂದ ಬದಲಾವಣೆಗೆ ಮೊದಲಿನ ಮೂರು ವರ್ಷ, ನಂತರದ ಮೂರು ವರ್ಷ, ಜೊತೆಗೆ ಏನನ್ನೂ ಬದಲಿಸದ ಅಂಥದೇ ಬೇರೆ ಚೌಕಗಳು, ಇಷ್ಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಅನುದಾನದ ಅವಧಿ ಎರಡು ವರ್ಷ. ಮೊದಲ ವರ್ಷ ನೇಮಕಾತಿ ಮತ್ತು ಟೆಂಡರಿನಲ್ಲಿ ಕಳೆಯುತ್ತದೆ, ಎರಡನೆಯದು ಕಾಮಗಾರಿಯಲ್ಲಿ. ಫಲಿತಾಂಶ ನಿಜವಾಗಿ ಕಾಣತೊಡಗುವ ಹೊತ್ತಿಗೆ ಅದನ್ನು ಓದಬೇಕಾದವರು ಬೇರೆ ಊರಿನಲ್ಲಿ ಬೇರೆ ಕೆಲಸ ಹಿಡಿದಿರುತ್ತಾರೆ. ಹೊಸ ಅನುದಾನ ಬಂದಾಗ ಹೊಸಬರು ಬರುತ್ತಾರೆ, ಹಳೆಯ ಕಡತಗಳನ್ನು ಅರ್ಥ ಮಾಡಿಕೊಳ್ಳಲು ತಿಂಗಳುಗಟ್ಟಲೆ ಹೆಣಗುತ್ತಾರೆ, ಮತ್ತು ಹಿಂದಿನ ಕಾಮಗಾರಿ ಫಲಿಸಿತೋ ಇಲ್ಲವೋ ತಿಳಿಯದೆ ಅದನ್ನೇ ಮತ್ತೊಂದು ರಸ್ತೆಯಲ್ಲಿ ಮಾಡುತ್ತಾರೆ.

ಇದಕ್ಕೆ ಹಣಕಾಸಿನವರ ಉತ್ತರ ಸಿದ್ಧವಾಗಿಯೇ ಇರುತ್ತದೆ. ಫಲಕ ಒಮ್ಮೆಯ ಖರ್ಚು, ಹುದ್ದೆಯಾದರೆ ಸಂಬಳ, ಭತ್ಯೆ, ಪಿಂಚಣಿ ಎಂದು ಮೂವತ್ತು ವರ್ಷದ ಬಾಧ್ಯತೆ. ನಾಳೆ ವರಮಾನ ಕುಸಿದರೆ ಫಲಕವನ್ನು ಆರಿಸಬಹುದು, ಮನುಷ್ಯನನ್ನು ತೆಗೆಯಲಾಗದು. ಕೇಳಲು ವಿವೇಕದಂತೆ ತೋರುವ ಈ ಮಾತು ಲೆಕ್ಕದಲ್ಲೇ ನಿಲ್ಲುವುದಿಲ್ಲ. ವಿದ್ಯುತ್ತು, ದುರಸ್ತಿ, ತಂತ್ರಾಂಶದ ಪರವಾನಗಿ, ವೇಗ ಅಳೆಯುವ ಉಪಕರಣವಾದರೆ ನಿಯತಕಾಲಿಕ ನಿಖರತಾ ಪರೀಕ್ಷೆ, ನೋಟಿಸುಗಳ ವಿಲೇವಾರಿ, ಇವೆಲ್ಲ ಮರುಕಳಿಸುವ ಖರ್ಚುಗಳೇ. ಖರೀದಿಯ ದಿನ ಅವುಗಳ ಮಾತನ್ನು ಯಾರೂ ಎತ್ತುವುದಿಲ್ಲ. ಇನ್ನು ಬಾಧ್ಯತೆಯ ಮಾತಿಗೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ, 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ. ಬಹುತೇಕ ದೇಶಗಳಿಗೆ ಇದರಿಂದಾಗುವ ನಷ್ಟ ಒಟ್ಟು ಆಂತರಿಕ ಉತ್ಪನ್ನದ ಶೇಕಡಾ 3ರಷ್ಟು ಎಂದೂ ಅದೇ ಸಂಸ್ಥೆ ಅಂದಾಜಿಸಿದೆ. ಇಪ್ಪತ್ತರ ಪ್ರಾಯದಲ್ಲಿ ಬೆನ್ನುಹುರಿ ಮುರಿದುಕೊಂಡವನ ಮನೆಯವರು ಹೊರುವ ಬಾಧ್ಯತೆ ಎಷ್ಟು ವರ್ಷದ್ದು? ಅದು ನಗರದ ಲೆಕ್ಕಪುಸ್ತಕದಲ್ಲಿ ಬರೆಯದ ಖರ್ಚಾದ್ದರಿಂದ ನಮಗೆ ಸಂಬಂಧವಿಲ್ಲ ಎನ್ನುವುದಾದರೆ ಈ ಕಾರ್ಯಕ್ರಮವನ್ನು ಇಟ್ಟುಕೊಳ್ಳುವ ಅಗತ್ಯವಾದರೂ ಏನು?

ದಂಡದ ಹಣದಿಂದ ಸಂಬಳ ಕೊಡಿ ಎಂಬ ಸಲಹೆಯೂ ಸಭೆಯಲ್ಲಿ ಬಂತು. ಜನ ನಿಯಮ ಪಾಲಿಸತೊಡಗಿದಂತೆ ದಂಡದ ವರಮಾನ ಇಳಿಯುತ್ತದೆ, ಇಳಿಯಲೇಬೇಕು. ಕಾರ್ಯಕ್ರಮ ಗೆದ್ದಷ್ಟೂ ಅದರ ಸಿಬ್ಬಂದಿ ಹಸಿಯುವ ಏರ್ಪಾಡನ್ನು ನಾನು ಒಪ್ಪಲಾರೆ.

ಒಂದು ಮಾತನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಕಾಯಂ ಹುದ್ದೆಗಳಿರುವ ಬೇರೆ ಇಲಾಖೆಗಳ ಪಟ್ಟಿಯನ್ನು ನೋಡುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮಲ್ಲಿ ಅವಧಿ ಮುಗಿಯುವ ಕೊನೆಯ ತಿಂಗಳುಗಳಲ್ಲಿ ಒಳ್ಳೆಯ ಎಂಜಿನಿಯರುಗಳು ಬಂದು, ವಿಸ್ತರಣೆಯ ಆದೇಶ ಬಂತೇ ಎಂದು ತಲೆತಗ್ಗಿಸಿ ಕೇಳುತ್ತಾರೆ. ಗೌರವದಿಂದ ಕೆಲಸ ಮಾಡಬೇಕಾದವರು ಹಾಗೆ ಕೇಳುವುದನ್ನು ಎಷ್ಟು ಸಲ ಕಂಡರೂ ನನಗೆ ಅಭ್ಯಾಸವಾಗಿಲ್ಲ. ಬಂದಿಲ್ಲ ಎಂದು ಹೇಳುವಾಗ ಅವರ ಮುಖ ನೋಡಲು ನನಗಾಗುವುದಿಲ್ಲ.

ಸ್ವೀಡನ್ನಿನ ಸಂಸತ್ತು 1997ರಲ್ಲಿ ‘ವಿಷನ್ ಝೀರೋ’ವನ್ನು, ಅಂದರೆ ರಸ್ತೆಯಲ್ಲಿ ಯಾರೂ ಸಾಯಬಾರದು, ತೀವ್ರವಾಗಿ ಗಾಯಗೊಳ್ಳಬಾರದು ಎಂಬ ಗುರಿಯನ್ನು, ಅಂಗೀಕರಿಸಿದ್ದನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. 2019ರಲ್ಲಿ ನಾರ್ವೆಯ ಓಸ್ಲೋ ನಗರದಲ್ಲಿ ಒಬ್ಬ ಪಾದಚಾರಿಯೂ ಒಬ್ಬ ಸೈಕಲ್ ಸವಾರನೂ ರಸ್ತೆಯಲ್ಲಿ ಸಾಯಲಿಲ್ಲ ಎಂಬ ಚಿತ್ರವನ್ನೂ ಪರದೆಯ ಮೇಲೆ ತೋರಿಸುತ್ತಾರೆ. ಸ್ವೀಡನ್ನಿನ ಸಾರಿಗೆ ಆಡಳಿತ ರಸ್ತೆಯ ಪ್ರತಿಯೊಂದು ಮಾರಕ ಅಪಘಾತವನ್ನೂ ಆಳವಾಗಿ ತನಿಖೆ ಮಾಡಿಸುತ್ತದೆ ಎಂಬುದನ್ನು ಮಾತ್ರ ಯಾರೂ ತೋರಿಸುವುದಿಲ್ಲ. ತನಿಖೆ ಎಂದರೆ ಸ್ಥಳಕ್ಕೆ ಹೋಗಿ, ರಸ್ತೆಯನ್ನೂ ವಾಹನವನ್ನೂ ನೋಡಿ, ಬರೆದಿಟ್ಟು, ಹಿಂದಿನದರೊಂದಿಗೆ ಹೋಲಿಸುವ ಜನ. ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ ಮಾರಕ ಅಪಘಾತದ ಅಪಾಯ ಶೇಕಡಾ 4ರಷ್ಟು ಏರುತ್ತದೆಂದು ಜಗತ್ತಿಗೆ ಗೊತ್ತಾದದ್ದೂ ಇಂಥವರು ವರ್ಷಗಟ್ಟಲೆ ಒಂದೇ ಕೆಲಸದಲ್ಲಿ ಕುಳಿತು ಅಳೆದದ್ದರಿಂದ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ದತ್ತಾಂಶ ವಿಶ್ಲೇಷಕ, ಸಂಚಾರ ಎಂಜಿನಿಯರ್, ಅನುದಾನ ನಿರ್ವಾಹಕ, ಈ ಮೂರು ಹುದ್ದೆಗಳು ನಗರದ ಮೂಲ ಬಜೆಟ್ಟಿನಲ್ಲಿರಲಿ. ಹೊರಗಿನ ಹಣ ಬಂದಾಗ ಕಾಮಗಾರಿ ಹಿಗ್ಗಲಿ, ನಿಂತಾಗ ಕುಗ್ಗಲಿ. ಇದನ್ನು ಓದುತ್ತಿರುವ ಸ್ನೇಹಿತರಲ್ಲಿ ಕೆಲವರು ಇಂಥ ಸಮಿತಿಗಳಲ್ಲಿ ಕೂರುವವರಿದ್ದೀರಿ. ಮುಂದಿನ ಸಲ ಖರೀದಿಯ ಪ್ರಸ್ತಾವನೆ ಮೇಜಿಗೆ ಬಂದಾಗ, ಇದರ ಫಲಿತಾಂಶವನ್ನು ಮೂರನೆಯ ವರ್ಷ ಓದುವವರು ಯಾರು, ಅವರ ಸಂಬಳ ಯಾವ ಶೀರ್ಷಿಕೆಯಿಂದ ಬರುತ್ತದೆ ಎಂದು ಕೇಳಿ, ಮತ್ತು ಉತ್ತರವನ್ನು ನಡಾವಳಿಯಲ್ಲಿ ಬರೆಸಿ.